ಗದ್ದೆಯಿಂದ ಬಡಾವಣೆಗೆ: ಯಳಂದೂರಿನಂತಹ ಪಟ್ಟಣದಲ್ಲಿ ಬೀದಿ ಮತ್ತು ನಿವೇಶನ ವಿನ್ಯಾಸ

ಚಾಮರಾಜನಗರ ಜಿಲ್ಲೆಯ ಯಳಂದೂರು ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲೊಂದು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ತಪ್ಪಲಿನಲ್ಲಿ ಹೊನ್ನುಹೊಳೆ ಎಂದೂ ಹೆಸರಾದ ಸುವರ್ಣಾವತಿ ನದಿ, ಅದರ ನೀರುಂಡ ಭತ್ತದ ಬಯಲು, ತೆಂಗಿನ ತೋಟಗಳು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರಿದು. ಗೌರೀಶ್ವರ ದೇವಾಲಯದ ಬಳೆ ಮಂಟಪ, ಜಹಗೀರದಾರರ ಬಂಗಲೆ ಇಂದಿಗೂ ಹಳೆಯ ಊರಿನ ಗುರುತುಗಳಾಗಿ ನಿಂತಿವೆ. ಬೆಂಗಳೂರಿನಿಂದ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಮೂಲಕ ಕೊಯಮತ್ತೂರಿಗೆ ಸಾಗುವ ಹೆದ್ದಾರಿ, ಅಂದರೆ ಹಿಂದಿನ 209, ಈಗಿನ 948, ಈ ಊರನ್ನು ಹಾದುಹೋಗುತ್ತದೆ.

ಹೆದ್ದಾರಿ ಹಾಯುವ ಇಂತಹ ಸಣ್ಣ ಪಟ್ಟಣಗಳ ಅಂಚಿನಲ್ಲಿ ಎರಡು, ಮೂರು, ನಾಲ್ಕು ಎಕರೆ ಜಮೀನು ಬಡಾವಣೆಯಾಗುವುದು ಇಂದು ರಾಜ್ಯದೆಲ್ಲೆಡೆ ಸಾಮಾನ್ಯ. ಬದು ಒಡೆದು, ಮಣ್ಣು ತುಂಬಿ, ಸುಣ್ಣದ ಗೆರೆ ಎಳೆದು, ಮೂಲೆಗೊಂದು ಕಲ್ಲು ನೆಟ್ಟರೆ ನಿವೇಶನ ಸಿದ್ಧವೆಂದು ಫಲಕ ಏಳುತ್ತದೆ. ಆದರೆ ಸುಣ್ಣದ ಗೆರೆ ಬಿದ್ದಲ್ಲಿಯೇ ಮುಂದಿನ ನೂರು ವರ್ಷ ಬೀದಿ ಇರುತ್ತದೆ. ಮನೆಯನ್ನು ಕೆಡವಿ ಕಟ್ಟಬಹುದು. ನಲವತ್ತು ಜನರ ಹೆಸರಿಗೆ ನೋಂದಣಿಯಾದ ನಿವೇಶನಗಳ ನಡುವಿನ ರಸ್ತೆಯನ್ನು ಮೂರು ಅಡಿ ಸರಿಸುವುದು ಯಾರಿಂದಲೂ ಆಗದು.

ಕಾನೂನಿನ ಚೌಕಟ್ಟು

ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಭೂ ಪರಿವರ್ತನೆ ಆಗಬೇಕು. ಜಮೀನನ್ನು ನಿವೇಶನಗಳಾಗಿ ವಿಭಜಿಸಿ ರಸ್ತೆ ರೂಪಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೇ ಪ್ರಕರಣದಡಿ ವಿನ್ಯಾಸ ನಕ್ಷೆಗೆ ಅನುಮೋದನೆ ಬೇಕು. ಇವೆರಡೂ ಬೇರೆ ಬೇರೆ. ಪರಿವರ್ತನೆಯ ಆದೇಶ ತೋರಿಸಿ ‘ಎಲ್ಲವೂ ಆಗಿದೆ’ ಎನ್ನುವ ಮಾತಿಗೆ ಮರುಳಾದವರು ರಾಜ್ಯದಲ್ಲಿ ಕಡಿಮೆಯಿಲ್ಲ. ಪರಿವರ್ತನೆ ಹೇಳುವುದು ಈ ನೆಲದಲ್ಲಿ ಮನೆ ಇರಬಹುದು ಎಂದಷ್ಟೇ. ಮನೆಗೆ ದಾರಿ ಎಲ್ಲಿ, ನೀರು ಹೋಗುವುದೆಲ್ಲಿ, ಮಕ್ಕಳು ಆಡುವುದೆಲ್ಲಿ ಎಂಬುದನ್ನು ವಿನ್ಯಾಸ ನಕ್ಷೆಯೇ ಹೇಳಬೇಕು.

ಇವುಗಳ ಜೊತೆಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ 500 ಚದರ ಮೀಟರಿಗಿಂತ ಹೆಚ್ಚಿನ ಜಮೀನಿನಲ್ಲಿ ಕೈಗೊಳ್ಳುವ ಯೋಜನೆಗಳು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ರಾಜ್ಯದಲ್ಲಿ ಇದರ ನಿಯಮಗಳು ಜಾರಿಗೆ ಬಂದದ್ದು 2017ರಲ್ಲಿ. ಅನುಮೋದನೆಯಿಲ್ಲದೆ ಆದ ಬಡಾವಣೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಹೊರಟ ‘ಅಕ್ರಮ–ಸಕ್ರಮ’ ಯೋಜನೆಗೆ ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಇಂದು ಕೊಂಡು ನಾಳೆ ಸಕ್ರಮ ಮಾಡಿಸಿಕೊಳ್ಳಬಹುದೆಂಬ ಲೆಕ್ಕಾಚಾರ ಎಷ್ಟು ದುರ್ಬಲವೆಂಬುದಕ್ಕೆ ಇದೊಂದೇ ಸಾಕು. ಸಕ್ರಮವಾಯಿತೆಂದೇ ಇಟ್ಟುಕೊಂಡರೂ ಖಾತೆ ಸರಿಹೋದೀತು. ಇಪ್ಪತ್ತು ಅಡಿಯ ರಸ್ತೆ ಮೂವತ್ತು ಅಡಿಯಾಗದು.

ಮೊದಲು ನೀರಿನ ದಾರಿ

ಬಡಾವಣೆಯ ನಕ್ಷೆ ಬರೆಯುವವರು ಸಾಮಾನ್ಯವಾಗಿ ರಸ್ತೆಯಿಂದ ಆರಂಭಿಸುತ್ತಾರೆ. ಸುವರ್ಣಾವತಿಯ ಬಯಲಿನಲ್ಲಿ ಆರಂಭಿಸಬೇಕಾದದ್ದು ನೀರಿನಿಂದ. ಗದ್ದೆಯೆಂದರೆ ಸಹಜವಾಗಿಯೇ ನೀರು ನಿಲ್ಲಲೆಂದು ತಲೆಮಾರುಗಳಿಂದ ಮಟ್ಟ ಮಾಡಿದ ನೆಲ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿಯಲು ಕಾಲುವೆ, ತೂಬುಗಳ ಏರ್ಪಾಡು ಇರುತ್ತದೆ. ನಡುವಿನ ನಾಲ್ಕು ಎಕರೆಗೆ ಮೂರು ಅಡಿ ಮಣ್ಣು ಹೊಡೆದು ಕಾಂಪೌಂಡು ಕಟ್ಟಿದರೆ ಕೆಳಗಿನ ರೈತನಿಗೆ ಬೇಸಿಗೆಯಲ್ಲಿ ನೀರಿಲ್ಲ. ಮೇಲಿನ ರೈತನಿಗೆ ಮಳೆಗಾಲದಲ್ಲಿ ನೀರು ಹೋಗಲು ದಾರಿಯಿಲ್ಲ. ಬಡಾವಣೆಯ ಕುರಿತ ಮೊದಲ ಜಗಳ ಹುಟ್ಟುವುದು ಇಲ್ಲಿಯೇ, ಮನೆಗಳು ಏಳುವುದಕ್ಕೂ ಮುನ್ನ.

2022ರ ಆಗಸ್ಟ್–ಸೆಪ್ಟೆಂಬರ್ ಮಳೆಗೆ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿ ಹರಿದು ಯಳಂದೂರು ತಾಲ್ಲೂಕಿನ ತಗ್ಗು ಪ್ರದೇಶಗಳಿಗೂ ಜಮೀನುಗಳಿಗೂ ನೀರು ನುಗ್ಗಿದ್ದನ್ನು ಇಲ್ಲಿನವರು ಮರೆತಿರಲಾರರು. ಒಣಗಿದ ವರ್ಷಗಳಲ್ಲಿ ಹೊಳೆಯ ಪಾತ್ರ ಕಿರಿದಾಗಿ ಕಾಣುತ್ತದೆ. ಹಳ್ಳ ಇದೆಯೆಂಬುದೇ ಮರೆತುಹೋಗುತ್ತದೆ. ಆದರೆ ಗ್ರಾಮ ನಕ್ಷೆ ಮರೆಯುವುದಿಲ್ಲ. ಅದರಲ್ಲಿ ಹಳ್ಳ, ಕಾಲುವೆ, ಬಂಡಿದಾರಿ, ಕಾಲುದಾರಿಗಳೆಲ್ಲ ಗುರುತಾಗಿರುತ್ತವೆ. ಪಹಣಿಯಲ್ಲಿ ‘ಬಿ ಖರಾಬು’ ಎಂದು ನಮೂದಾದ ಗುಂಟೆಗಳು ಸಾರ್ವಜನಿಕ ಬಳಕೆಯವು. ಅವನ್ನು ನಿವೇಶನಕ್ಕೆ ಸೇರಿಸಿಕೊಳ್ಳುವಂತಿಲ್ಲ. ಸರ್ವೆ ನಂಬರಿನ ಟಿಪ್ಪಣಿ, ಆಕಾರಬಂದ್‌ಗಳನ್ನು ಭೂಮಾಪನ ಕಚೇರಿಯಿಂದ ಪಡೆಯಬಹುದು. ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಜಮೀನಿನ ಮೇಲೆ ನಿಂತೇ ಸರ್ವೆ ನಂಬರು ನೋಡಬಹುದು.

ಮಳೆಯ ಲೆಕ್ಕವನ್ನೂ ಒಮ್ಮೆ ಮಾಡಿ ನೋಡುವುದು ಒಳಿತು. ನಾಲ್ಕು ಎಕರೆಯೆಂದರೆ ಸುಮಾರು 16,200 ಚದರ ಮೀಟರ್. ಒಂದು ಸಂಜೆ 25 ಮಿ.ಮೀ. ಮಳೆ ಬಿದ್ದರೆ ಆ ನೆಲದ ಮೇಲೆ ಸುರಿಯುವುದು ನಾಲ್ಕು ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಅದರ ಬಹುಪಾಲನ್ನು ನೆಲ ಕುಡಿಯುತ್ತಿತ್ತು, ಉಳಿದದ್ದು ಬದುವಿನೊಳಗೆ ನಿಲ್ಲುತ್ತಿತ್ತು. ತಾರಸಿ, ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದ ಮಳೆ ಅರ್ಧ ಗಂಟೆಯಲ್ಲಿ ಬಡಾವಣೆಯ ಅತಿ ತಗ್ಗಿನ ಮೂಲೆಗೆ ಬಂದು ಸೇರುತ್ತದೆ. ಆ ಮೂಲೆಯಲ್ಲಿ ನಿವೇಶನವಿದ್ದರೆ ಅದನ್ನು ಕೊಂಡವನ ಪಾಡು ಹೇಳತೀರದು; ಉದ್ಯಾನವಿದ್ದರೆ ಅಲ್ಲಿ ಒಂದೆರಡು ದಿನ ನೀರು ನಿಂತು ಇಂಗುತ್ತದೆ. ಹೀಗಾಗಿ ಎತ್ತರ–ತಗ್ಗುಗಳ ಸರ್ವೆ ಮಾಡಿಸಿ, ತಗ್ಗಿನ ಭಾಗವನ್ನು ಉದ್ಯಾನಕ್ಕೆ ಬಿಟ್ಟು, ಇಳಿಜಾರಿನ ಗುಂಟ ಮುಖ್ಯ ರಸ್ತೆ ಮತ್ತು ಚರಂಡಿಯನ್ನು ಒಯ್ಯುವುದು ವಿನ್ಯಾಸದ ಮೊದಲ ಹೆಜ್ಜೆ.

ಮುಂಭಾಗದ ಅಳತೆ, ರಸ್ತೆಯ ಖರ್ಚು

ನಾಲ್ಕು ಎಕರೆಯೆಂದರೆ 160 ಗುಂಟೆ, ಅಂದರೆ 1,74,240 ಚದರಡಿ. ಇದರಲ್ಲಿ ಶೇ 55ರಷ್ಟು ನಿವೇಶನಕ್ಕೆ, ಶೇ 15ರಷ್ಟು ಉದ್ಯಾನ ಮತ್ತು ನಾಗರಿಕ ಸೌಲಭ್ಯಕ್ಕೆ, ಉಳಿದ ಶೇ 30ರಷ್ಟು ರಸ್ತೆಗೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಆಗ 30×40 ಅಡಿಯ ಸುಮಾರು 79 ನಿವೇಶನಗಳು ದೊರೆಯುತ್ತವೆ. ರಸ್ತೆಗೆ ಉಳಿಯುವುದು 48 ಗುಂಟೆ. 30 ಅಡಿ ಅಗಲದ ರಸ್ತೆಯಾದರೆ ಒಟ್ಟು ಉದ್ದ ಸುಮಾರು 1,740 ಅಡಿ.

ನಿವೇಶನದ 30 ಅಡಿಯ ಬದಿ ರಸ್ತೆಗೆ ಮುಖ ಮಾಡಿದ್ದರೆ ಎರಡೂ ಬದಿಯ 79 ನಿವೇಶನಗಳಿಗೆ 1,185 ಅಡಿ ರಸ್ತೆ ಸಾಕು. ಅಡ್ಡರಸ್ತೆಗಳಿಗೆ, ತಿರುವುಗಳಿಗೆ ಸಾಕಷ್ಟು ಮಿಗುತ್ತದೆ. 40 ಅಡಿಯ ಬದಿಯನ್ನೇ ರಸ್ತೆಗೆ ತಿರುಗಿಸಿದರೆ 1,580 ಅಡಿ ಬೇಕು. ಅಡ್ಡರಸ್ತೆಗೆ ಉಳಿಯುವುದು 160 ಅಡಿ ಮಾತ್ರ. ಮುಂಭಾಗ ಅಗಲವಾದರೆ ಮನೆ ಚೆನ್ನಾಗಿ ಕಾಣುತ್ತದೆ, ಬೆಲೆಯೂ ಹೆಚ್ಚು ಬರುತ್ತದೆಂದು ಹೀಗೆ ಮಾಡುವವರುಂಟು. ಪ್ರತಿ ನಿವೇಶನಕ್ಕೆ 150 ಚದರಡಿಯಂತೆ ಒಟ್ಟು ಹನ್ನೊಂದು ಗುಂಟೆಯಷ್ಟು ನೆಲ ಹೆಚ್ಚುವರಿಯಾಗಿ ರಸ್ತೆಯಾಗುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಕತ್ತರಿ ಬೀಳುವುದು ಉದ್ಯಾನಕ್ಕೋ ರಸ್ತೆಯ ಅಗಲಕ್ಕೋ. ಹೆಚ್ಚುವರಿ ರಸ್ತೆಯೆಂದರೆ ಹೆಚ್ಚುವರಿ ಚರಂಡಿ, ನೀರಿನ ಕೊಳವೆ, ವಿದ್ಯುತ್ ಕಂಬ. ಮುಂದೆ ಇದೆಲ್ಲದರ ದುರಸ್ತಿ ಪಟ್ಟಣ ಪಂಚಾಯಿತಿಯ ತಲೆಗೆ.

ಎಲ್ಲ ನಿವೇಶನಗಳೂ ಒಂದೇ ಅಳತೆಯಲ್ಲಿರಬೇಕಾಗಿಯೂ ಇಲ್ಲ. ಪಟ್ಟಣಗಳ ಆಶ್ರಯ ಬಡಾವಣೆಗಳಲ್ಲಿ ಕಾಣುವ 20×30, ನೌಕರವರ್ಗ ಬಯಸುವ 30×40, ಅಂಗಡಿ–ಮನೆ ಕೂಡಿಸುವವರಿಗೆ ಬೇಕಾದ 30×50 ಒಂದೇ ಬಡಾವಣೆಯಲ್ಲಿ ಇರಲಡ್ಡಿಯಿಲ್ಲ. ಹಾಗಿದ್ದರೆ ಶಿಕ್ಷಕ, ಗಾರೆ ಕೆಲಸದವ, ಕಿರಾಣಿ ಅಂಗಡಿಯವ ಒಂದೇ ಬೀದಿಯಲ್ಲಿ ಬಾಳುತ್ತಾರೆ. ಹಳೆಯ ಊರಿನ ಕೇರಿಗಳು ಜಾತಿಯ ಗೆರೆಯಲ್ಲಿ ಬೇರೆಯಾದವು. ಹೊಸ ಬಡಾವಣೆಗಳು ನಿವೇಶನದ ಅಳತೆಯ ಗೆರೆಯಲ್ಲಿ ಬೇರೆಯಾಗುತ್ತಿವೆ.

ದಿಕ್ಕಿನ ತೊಡಕು

ಇಲ್ಲಿ ವಿನ್ಯಾಸಕಾರ ಮತ್ತು ಮಾರುಕಟ್ಟೆ ಎದುರುಬದುರಾಗುತ್ತಾರೆ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಪೂರ್ವದ ಬಾಗಿಲು ಬೇಕು, ಅದಿಲ್ಲವಾದರೆ ಉತ್ತರದ್ದು. ದಕ್ಷಿಣದ ಬಾಗಿಲೆಂದರೆ ಬೇಡವೇ ಬೇಡ. ಹೀಗಾಗಿ ರಸ್ತೆಗಳನ್ನು ಉತ್ತರ–ದಕ್ಷಿಣವಾಗಿ ಎಳೆಯುವುದು ರೂಢಿ: ಒಂದು ಸಾಲು ಪೂರ್ವಕ್ಕೆ, ಇನ್ನೊಂದು ಸಾಲು ಪಶ್ಚಿಮಕ್ಕೆ. ಇದರಿಂದ ಮಾರಾಟ ಸುಲಭವಾಗುತ್ತದೆ. ಆದರೆ ಮನೆಗಳ ಉದ್ದನೆಯ ಬಿಸಿಲು ಬೀಳುವ ಗೋಡೆ ಮುಂಜಾನೆ ಒಂದು ಸಾಲಿನದು, ಮಧ್ಯಾಹ್ನ ಎರಡರಿಂದ ಸಂಜೆಯ ತನಕ ಇನ್ನೊಂದು ಸಾಲಿನದು. ಇಳಿಬಿಸಿಲನ್ನು ಸಜ್ಜಾ ತಡೆಯಲಾರದು. ಪಶ್ಚಿಮದ ಸಾಲಿನ ಮನೆಗಳ ಮುಂಗೋಣೆಗಳು ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ತಣಿಯವು.

ಯಳಂದೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಎರಡೂ ಕಾಲದಲ್ಲಿ ಅವನು ಸಾಕಷ್ಟು ಎತ್ತರದಲ್ಲಿರುವುದರಿಂದ ಉತ್ತರ, ದಕ್ಷಿಣದ ಗೋಡೆಗಳಿಗೆ ಎರಡಡಿಯ ಸಜ್ಜಾ ನೆರಳು ಕೊಡಬಲ್ಲದು. ಅಂದರೆ ತಂಪಿನ ದೃಷ್ಟಿಯಿಂದ ರಸ್ತೆ ಪೂರ್ವ–ಪಶ್ಚಿಮವಾಗಿ ಸಾಗುವುದೇ ಮೇಲು. ಉಷ್ಣ ವಲಯದ ವಸತಿಯನ್ನು ಕುರಿತು ಈ ಬಗೆಯ ತರ್ಕವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಪ್ರಮುಖರಾದ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದವರು. ಮುಂದೆ 1948ರಲ್ಲಿ ಭುವನೇಶ್ವರದ ನಗರ ಯೋಜನೆ ರೂಪಿಸಿದವರೂ ಅವರೇ. ಅವರು ಕಲಿತದ್ದರ ಒಂದು ಪಾಲು ಇದೇ ಹಳೆ ಮೈಸೂರಿನ ಬಿಸಿಲಿನಲ್ಲಿ.

ಹಾಗೆಂದು ವಾಸ್ತು ನಂಬುವ ಗಿರಾಕಿಯನ್ನು ಬದಲಿಸಲು ಹೊರಡುವುದು ವ್ಯರ್ಥ. ನಡುದಾರಿ ಇದೆ. ಪೂರ್ವ–ಪಶ್ಚಿಮದ ರಸ್ತೆಯ ಬದಿಯಲ್ಲೂ ಬಾಗಿಲನ್ನು ಮುಂಭಾಗದ ಗೋಡೆಯಲ್ಲೇ ಇಡಬೇಕೆಂದೇನಿಲ್ಲ. ಪಕ್ಕದ ಸೆಟ್‌ಬ್ಯಾಕನ್ನು ಒಂದೇ ಬದಿಗೆ ಕೂಡಿಸಿ ಐದಾರು ಅಡಿಯ ಅಂಗಳ ಬಿಟ್ಟರೆ ಬಾಗಿಲು ಪೂರ್ವಕ್ಕೆ ತಿರುಗುತ್ತದೆ, ಗಾಳಿಯೂ ಆಡುತ್ತದೆ. ಇದಕ್ಕೆ ಕಟ್ಟಡ ನಿಯಮದಲ್ಲಿ ಅವಕಾಶವಿರಬೇಕು, ನಕ್ಷೆಯಲ್ಲೇ ಅದನ್ನು ಗುರುತಿಸಿರಬೇಕು. ನಂತರ ಒಬ್ಬೊಬ್ಬರೂ ಒಂದೊಂದು ಬಗೆಯಲ್ಲಿ ಕಟ್ಟಿಕೊಂಡರೆ ಆ ಅಂಗಳಗಳೆಲ್ಲ ಕತ್ತಲೆಯ ಸಂದುಗಳಾಗುತ್ತವೆ.

ಮೂವತ್ತು ಅಡಿಯೊಳಗೆ ಏನೇನು ಹಿಡಿಸಬಹುದು?

ಮೂವತ್ತು ಅಡಿಯ ರಸ್ತೆಯೆಂದರೆ ಮೂವತ್ತು ಅಡಿ ಡಾಂಬರೆಂದು ಅರ್ಥವಲ್ಲ. ಹದಿನೆಂಟು ಅಡಿಯ ಗಾಡಿದಾರಿಯಲ್ಲಿ ಎರಡು ಕಾರುಗಳು ನಿಧಾನವಾಗಿ ಒಂದನ್ನೊಂದು ದಾಟಬಲ್ಲವು. ಉಳಿದ ಹನ್ನೆರಡು ಅಡಿಯನ್ನು ಎರಡು ಬದಿಗೆ ಹಂಚಿದರೆ ತಲಾ ಆರು ಅಡಿ. ಪಾದಚಾರಿ ಸೌಲಭ್ಯಗಳ ಕುರಿತ 2012ರ ಭಾರತೀಯ ರಸ್ತೆ ಕಾಂಗ್ರೆಸ್ ಮಾರ್ಗಸೂಚಿ ಕೇಳುವ ಕನಿಷ್ಠ ಕಾಲುದಾರಿಯ ಅಗಲ 1.8 ಮೀಟರ್, ಅಂದರೆ ಇಷ್ಟೇ. ಹಾಗಿದ್ದರೆ ಮರ ಎಲ್ಲಿ, ಕಂಬ ಎಲ್ಲಿ, ಚರಂಡಿ ಎಲ್ಲಿ? ಚರಂಡಿ ಕಾಲುದಾರಿಯ ಚಪ್ಪಡಿಯ ಕೆಳಗೆ. ಮರ ಮತ್ತು ಕಂಬಗಳು ಪ್ರತಿ ಎರಡು ನಿವೇಶನಗಳ ಗಡಿಯ ನೇರಕ್ಕೆ, ಗೇಟಿಗೆ ಅಡ್ಡವಾಗದಂತೆ, ಗಾಡಿದಾರಿಯ ಅಂಚಿನಿಂದ ತುಸು ಮುಂದಕ್ಕೆ ಚಾಚಿದ ಕಟ್ಟೆಗಳಲ್ಲಿ. ಕಟ್ಟೆಗಳ ನಡುವೆ ಕಾರು ನಿಲ್ಲಬಹುದು. ಅದೇ ಕಟ್ಟೆ ಗಾಡಿಯ ವೇಗವನ್ನೂ ತಗ್ಗಿಸುತ್ತದೆ. ಮರವೆಂದರೆ ಹೊಂಗೆ, ಬೇವು, ನೇರಳೆ ಸಾಕು. ಹೂವಿನ ಅಂದಕ್ಕೆಂದು ಗುಲ್‌ಮೊಹರ್ ನೆಟ್ಟವರು ಗಾಳಿಮಳೆಯ ದಿನ ಅದು ವಿದ್ಯುತ್ ತಂತಿಯ ಮೇಲೆ ಒರಗಿದ್ದನ್ನು ನೋಡಿಯೇ ಇರುತ್ತಾರೆ.

ಇದೆಲ್ಲ ಕಾಗದದ ಮೇಲೆ ಸರಳ. ವಾಸ್ತವದಲ್ಲಿ ಕಾಲುದಾರಿಯನ್ನು ನುಂಗುವುದು ಮನೆಯ ಮುಂದಿನ ಇಳಿಜಾರು. ಪಾಯ ಎತ್ತರಿಸಿ ಕಟ್ಟಿದ ಮೇಲೆ ಕಾರು ಒಳಗೆ ಹೋಗಲು ಆರಡಿಯ ಕಾಂಕ್ರೀಟು ಇಳಿಜಾರು ಬೀದಿಗೆ ಬರುತ್ತದೆ. ಪಕ್ಕದವರು ಮೆಟ್ಟಿಲು ಇಳಿಸುತ್ತಾರೆ. ಮತ್ತೊಬ್ಬರು ಬೇಲಿ ಹಾಕಿ ಹೂಗಿಡ ಬೆಳೆಸುತ್ತಾರೆ. ನಡೆಯುವವರು ಗಾಡಿದಾರಿಗೆ ಇಳಿಯುತ್ತಾರೆ. ಪಾಯ ಎತ್ತರವಾಗುವುದಕ್ಕೂ ಕಾರಣವಿದೆ: ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆ ಹೊಸ ಪದರ ಹಾಕುತ್ತ ಹೋದಂತೆ ರಸ್ತೆ ಏರುತ್ತದೆ, ಮೊದಲು ಕಟ್ಟಿದ ಮನೆ ಹಳ್ಳಕ್ಕೆ ಬೀಳುತ್ತದೆ. ಈ ಭಯಕ್ಕೆ ಪ್ರತಿಯೊಬ್ಬರೂ ಹಿಂದಿನವರಿಗಿಂತ ಒಂದಡಿ ಎತ್ತರಿಸುತ್ತಾರೆ. ಬಡಾವಣೆಯ ನಕ್ಷೆಯಲ್ಲಿಯೇ ರಸ್ತೆಯ ಅಂತಿಮ ಮಟ್ಟ, ಮನೆಯ ಪಾಯದ ಮಟ್ಟ ಎರಡನ್ನೂ ನಮೂದಿಸಿ, ಇಳಿಜಾರು ಗೇಟಿನೊಳಗೇ ಮುಗಿಯಬೇಕೆಂದು ಷರತ್ತು ಹಾಕುವುದೊಂದೇ ಇದಕ್ಕೆ ಪರಿಹಾರ.

ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ ಮೊದಲಾದವನ್ನು ಅಗಲ ಕಾಲುದಾರಿ, ನೆಲದಡಿಯ ಕೊಳವೆಮಾರ್ಗಗಳೊಂದಿಗೆ ಮರುರೂಪಿಸಿದಾಗ ತಗುಲಿದ ವೆಚ್ಚ ದೊಡ್ಡ ಚರ್ಚೆಗೆ ಗುರಿಯಾಯಿತು. ಹಳೆಯ ನಗರದ ರಸ್ತೆಯನ್ನು ಅಗೆದು ಸರಿಪಡಿಸುವುದು ದುಬಾರಿಯೇ. ಹೊಸ ಬಡಾವಣೆಯಲ್ಲಿ ಅಗೆಯಲು ಏನೂ ಇರುವುದಿಲ್ಲ. ಡಾಂಬರಿಗೆ ಮುನ್ನ ಪ್ರತಿ ಐವತ್ತು–ಅರವತ್ತು ಅಡಿಗೊಂದು ಖಾಲಿ ಕೊಳವೆಯನ್ನು ರಸ್ತೆಯ ಅಡ್ಡಕ್ಕೆ ಹೂತಿಟ್ಟರೆ ನಾಳೆ ನಲ್ಲಿ ಸಂಪರ್ಕಕ್ಕೋ ಕೇಬಲಿಗೋ ರಸ್ತೆ ಕತ್ತರಿಸುವ ಪ್ರಮೇಯವಿಲ್ಲ.

ಉಬ್ಬುಗಳ ಬಗ್ಗೆಯೂ ಒಂದು ಮಾತು. ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ವೇಗತಡೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಊರೂರುಗಳಲ್ಲಿ ರಾತ್ರೋರಾತ್ರಿ ಹುಟ್ಟುವ, ಬೆನ್ನು ಮುರಿಯುವ ಗೂನುಗಳಿಗೂ ಇದಕ್ಕೂ ಸಂಬಂಧವಿಲ್ಲ. ನೇರ ರಸ್ತೆಯನ್ನು ನಾನೂರು ಅಡಿಗಿಂತ ಉದ್ದ ಒಯ್ಯದೆ ಟಿ ಆಕಾರದ ಕೂಡುರಸ್ತೆಯಲ್ಲಿ ಮುಗಿಸಿದರೆ ಉಬ್ಬಿನ ಅಗತ್ಯವೇ ಬಾರದು. ಆದರೆ ಟಿ ಕೂಡುರಸ್ತೆಯ ಎದುರಿನ ನಿವೇಶನಕ್ಕೆ ‘ರಸ್ತೆಕುತ್ತು’ ಎಂದು ಯಾರೂ ಬರುವುದಿಲ್ಲ. ಅಲ್ಲಿ ಉದ್ಯಾನದ ಬಾಗಿಲನ್ನೋ ಅಂಗನವಾಡಿಯನ್ನೋ ಇಡುವುದು ಜಾಣತನ.

ಶೌಚದ ಗುಂಡಿ, ಕೊಳವೆಬಾವಿ

ಒಳಚರಂಡಿ ಜಾಲ ತಲುಪದ ಬಡಾವಣೆಯಲ್ಲಿ ಪ್ರತಿ ಮನೆಗೂ ಶೌಚಗುಂಡಿ, ಅನೇಕ ಕಡೆ ಪ್ರತಿ ಮನೆಗೂ ಕೊಳವೆಬಾವಿ. ಭಾರತೀಯ ಮಾನಕ ಸಂಸ್ಥೆಯ ಸಂಹಿತೆಯಂತೆ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ 59 ಅಡಿ ದೂರವಿರಬೇಕು. 30×40 ಅಡಿಯ ನಿವೇಶನದ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ದೂರವೇ 50 ಅಡಿ. ಒಂದೇ ನಿವೇಶನದಲ್ಲಿ ಎರಡನ್ನೂ ಇಟ್ಟುಕೊಂಡು ನಿಯಮ ಪಾಲಿಸುವುದು ಗಣಿತದ ಪ್ರಕಾರವೇ ಅಸಾಧ್ಯ. 20×30ರಲ್ಲಂತೂ ಹೇಳುವುದೇ ಬೇಡ. ಪಕ್ಕದವರ ಗುಂಡಿಯೂ ಇದೆಯಲ್ಲ!

ಹೀಗಿರುವಾಗ ಮಾರಾಟಗಾರ ‘ಮನೆಮನೆಗೆ ಬೋರ್‌ವೆಲ್ ಹಾಕಿಸಿಕೊಳ್ಳಬಹುದು, ನೀರು ಮೇಲೆಯೇ ಇದೆ’ ಎಂದರೆ ಅದು ಹೊಗಳಿಕೆಯಲ್ಲ, ಎಚ್ಚರಿಕೆ. ನೀರು ಮೇಲೆಯೇ ಇರುವ ಗದ್ದೆ ಬಯಲಿನಲ್ಲಿ ಗುಂಡಿಯ ಕೊಳೆ ಅದನ್ನು ತಲುಪುವುದೂ ಬೇಗ. ಬಡಾವಣೆಯ ಮೇಲ್ಭಾಗದಲ್ಲಿ ಒಂದೋ ಎರಡೋ ಸಾಮೂಹಿಕ ಕೊಳವೆಬಾವಿ ಮತ್ತು ಮೇಲ್ತೊಟ್ಟಿ, ತಗ್ಗಿನಲ್ಲಿ ಎಲ್ಲ ಮನೆಗಳ ಕೊಳಚೆಗೂ ಒಂದು ಸಂಸ್ಕರಣಾ ವ್ಯವಸ್ಥೆ, ನಡುವೆ ಒಳಚರಂಡಿ ಕೊಳವೆ ಎಂಬ ಏರ್ಪಾಡಿಗೆ ನಿವೇಶನಗಳನ್ನು ಗುರುತಿಸುವ ಮುನ್ನವೇ ಜಾಗ ಬಿಟ್ಟಿರಬೇಕು. ನಂತರ ಬಿಡಲು ಜಾಗವೇ ಇರುವುದಿಲ್ಲ.

ಪಕ್ಕದ ಜಮೀನಿಗೆ ದಾರಿ

ಹಿಡುವಳಿಗಳು ಚಿಕ್ಕವಾದುದರಿಂದ ಬಡಾವಣೆಗಳೂ ಚಿಕ್ಕವು. ಪ್ರತಿಯೊಂದೂ ಹೆದ್ದಾರಿಗೆ ಅಥವಾ ಹಳ್ಳಿಯ ರಸ್ತೆಗೆ ಒಂದು ಬಾಯಿ ತೆರೆದು, ಉಳಿದ ಮೂರು ಕಡೆ ಗೋಡೆ ಕಟ್ಟಿಕೊಳ್ಳುತ್ತದೆ. ಹತ್ತು ವರ್ಷದಲ್ಲಿ ಸಾಲಾಗಿ ಇಂತಹ ಆರು ಬಡಾವಣೆಗಳಾದರೆ, ಗೋಡೆಯಾಚೆಯ ಶಾಲೆಗೆ ಮಗು ಹೆದ್ದಾರಿಗೆ ಬಂದು, ಲಾರಿ–ಬಸ್ಸುಗಳ ನಡುವೆ ಅರ್ಧ ಮೈಲಿ ನಡೆದು, ಮತ್ತೆ ಒಳಗೆ ಹೊಕ್ಕಬೇಕು.

ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಮುಂದಿಟ್ಟ ನೆರೆಹೊರೆ ಘಟಕದ ಕಲ್ಪನೆಯ ತಿರುಳು ಇದೇ: ಮಗು ದೊಡ್ಡ ರಸ್ತೆ ದಾಟದೆ ಪ್ರಾಥಮಿಕ ಶಾಲೆಗೆ ನಡೆದು ಹೋಗುವಂತಿರಬೇಕು. ಅದೇ ವರ್ಷ ನ್ಯೂಜೆರ್ಸಿಯಲ್ಲಿ ಆರಂಭವಾದ ರ್‍ಯಾಡ್‌ಬರ್ನ್ ಬಡಾವಣೆಯಲ್ಲಿ ಗಾಡಿಗೊಂದು ದಾರಿ, ಕಾಲಿಗೊಂದು ದಾರಿ ಎಂದು ಬೇರ್ಪಡಿಸಲಾಯಿತು. ಆರ್ಥಿಕ ಮುಗ್ಗಟ್ಟಿನಿಂದ ಅದು ಪೂರ್ಣವಾಗಲಿಲ್ಲವಾದರೂ ಜಗತ್ತಿನೆಲ್ಲೆಡೆಯ ಯೋಜಕರು ಅದನ್ನು ಅನುಕರಿಸಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ಬಳಿಕ ಜನ ತುಂಬಿದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಡಲಾಗಿತ್ತು. ಆಗಿನ ಉದ್ದೇಶ ಮಲ ಸಾಗಣೆ. ಅದರ ಹಿಂದೆ ಒಂದು ಸಮುದಾಯದ ಮೇಲೆ ಹೇರಿದ ಅಮಾನವೀಯ ದುಡಿಮೆಯ ಕಥೆಯಿದೆ. ಒಳಚರಂಡಿ ಬಂದ ಮೇಲೆ ಕಸ ತುಂಬಿ ಬಿದ್ದಿದ್ದ ಮಲ್ಲೇಶ್ವರದ ಇಂತಹ ಕೆಲವು ಗಲ್ಲಿಗಳು ಈಚಿನ ವರ್ಷಗಳಲ್ಲಿ ನಡಿಗೆಯ ದಾರಿಗಳಾಗಿವೆ.

ಆದ್ದರಿಂದ ಅನುಮೋದನೆ ನೀಡುವ ಪ್ರಾಧಿಕಾರ ನೋಡಬೇಕಾದದ್ದು ಬಂದ ನಕ್ಷೆಯನ್ನಷ್ಟೇ ಅಲ್ಲ, ಅದರ ನಾಲ್ಕು ಗಡಿಗಳನ್ನು. ಕನಿಷ್ಠ ಎರಡು ರಸ್ತೆಗಳು ಜಮೀನಿನ ಗಡಿಯವರೆಗೆ ತಲುಪಿ, ಗೋಡೆಯಿಲ್ಲದೆ ನಿಂತಿರಬೇಕು. ಪಕ್ಕದ ಜಮೀನು ಬಡಾವಣೆಯಾದಾಗ ಅವು ಅಲ್ಲಿಂದ ಮುಂದುವರಿಯಬೇಕು. ‘ಗೇಟೆಡ್’ ಎಂಬ ಪದಕ್ಕೆ ಸಣ್ಣ ಪಟ್ಟಣಗಳಲ್ಲೂ ಈಗ ಬೆಲೆ ಬಂದಿರುವುದರಿಂದ ಇದನ್ನು ಒಪ್ಪಿಸುವುದು ಸುಲಭವಲ್ಲ. ಗ್ರಾಮ ನಕ್ಷೆಯಲ್ಲಿರುವ ಬಂಡಿದಾರಿಯನ್ನು ಮುಚ್ಚಲು ಮಾತ್ರ ಬಡಾವಣೆ ನಿರ್ಮಿಸುವವರಿಗೆ ಅಧಿಕಾರವಿಲ್ಲ. ಬೆಟ್ಟದ ಕಡೆಗೆ, ಹೊಳೆಯ ಕಡೆಗೆ, ಸ್ಮಶಾನದ ಕಡೆಗೆ ಹೋಗುವ ಇಂತಹ ಹಳೆಯ ದಾರಿಗಳನ್ನೇ ಬಡಾವಣೆಯ ಮುಖ್ಯ ರಸ್ತೆಯಾಗಿ ಅಗಲಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉದ್ಯಾನ ಮತ್ತು ಹಸ್ತಾಂತರ

ಅನೇಕ ನಕ್ಷೆಗಳಲ್ಲಿ ಉದ್ಯಾನವೆಂಬುದು ನಿವೇಶನ ಕತ್ತರಿಸಿ ಉಳಿದ ತ್ರಿಕೋನ. ಮೂರೂ ಕಡೆ ಮನೆಗಳ ಹಿಂಗೋಡೆ, ಮೇಲೆ ಹೈಟೆನ್ಷನ್ ತಂತಿ. ಯಾರ ಮನೆಯ ಮುಂಬಾಗಿಲೂ ಅದರತ್ತ ನೋಡದಿದ್ದರೆ ಅದು ಕಸದ ತಾಣವಾಗಲು ಆರು ತಿಂಗಳು ಸಾಕು. ಎರಡು ಕಡೆಯಾದರೂ ರಸ್ತೆ, ರಸ್ತೆಯಾಚೆ ಮನೆಗಳ ಮುಂಭಾಗ ಇದ್ದರೆ ಜಗಲಿಯಲ್ಲಿ ಕುಳಿತ ಹಿರಿಯರ ಕಣ್ಣಿಗೆ ಆಡುವ ಮಕ್ಕಳು ಬೀಳುತ್ತಿರುತ್ತಾರೆ. ಹಳ್ಳ ಹಾಯುವ ಜಮೀನಾದರೆ ಅದರ ಎರಡೂ ದಂಡೆಗಳ ಗುಂಟ ಉದ್ದನೆಯ ಉದ್ಯಾನವೇ ಸೂಕ್ತ.

ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ಬಡಾವಣೆ ನಿರ್ಮಿಸಿದವರು ನೋಂದಾಯಿತ ಪರಿತ್ಯಾಜನ ಪತ್ರದ ಮೂಲಕ ಉಚಿತವಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಈ ಪತ್ರವಾಗದಿದ್ದರೆ ಕಾಗದದಲ್ಲಿ ಉದ್ಯಾನ ಇನ್ನೂ ಹಳೆಯ ಮಾಲೀಕನದೇ. ಕೆಲವು ವರ್ಷಗಳ ಬಳಿಕ ಅದೂ ನಿವೇಶನವಾಗಿ ಮಾರಾಟವಾದ ಪ್ರಕರಣಗಳು ನ್ಯಾಯಾಲಯಗಳಿಗೆ ಬಂದಿವೆ. ಬೀದಿದೀಪ ಉರಿಯದಿದ್ದರೆ ‘ನಮಗಿನ್ನೂ ಹಸ್ತಾಂತರವಾಗಿಲ್ಲ’ ಎಂದು ಪಂಚಾಯಿತಿ, ‘ನಾವು ಮಾರಿ ಮುಗಿಸಿದ್ದೇವೆ’ ಎಂದು ಮಾರಾಟಗಾರ. ನಿವೇಶನ ಕೊಳ್ಳುವವರು ಮುಂಗಡ ಕೊಡುವ ಮೊದಲು ಕೇಳಬೇಕಾದ ಕಾಗದಗಳು ಪರಿವರ್ತನಾ ಆದೇಶ, ಅನುಮೋದಿತ ವಿನ್ಯಾಸ ನಕ್ಷೆ, ರೇರಾ ನೋಂದಣಿ ಸಂಖ್ಯೆ ಮತ್ತು ಈ ಪರಿತ್ಯಾಜನ ಪತ್ರದ ಪ್ರತಿ. ಆ ಬಳಿಕ ನಕ್ಷೆಯನ್ನು ಕೈಯಲ್ಲಿ ಹಿಡಿದು, ಜೋರು ಮಳೆ ಬಂದ ಮರುದಿನ ಬೆಳಿಗ್ಗೆ, ಜಮೀನನ್ನು ಒಮ್ಮೆ ಸುತ್ತಿ ಬರಬೇಕು.